ಮೂರು ಚಮಚ ಹಳದಿ

ಜೂನ್ ೩, ಮಂಗಳವಾರ

ಕೈ ಅಕ್ಷರ ಮರೆಯಬಾರದು ಎಂಬ ಒಂದೇ ಕಾರಣಕ್ಕೆ ಈ ಪುಸ್ತಕ. ನಲವತ್ತೆರಡು ವರ್ಷ ಊರಿನ ಅಂಗಡಿಗಳ ಹಣೆಬರಹ ಬರೆದ ಕೈ ಇದು. ಫ್ಲೆಕ್ಸ್ ಬಂದ ಮೇಲೆ ಕುಂಚಕ್ಕೆ ಕೆಲಸವಿಲ್ಲ, ಪೆನ್ನಿಗಾದರೂ ಇರಲಿ. ಆ ಫ್ಲೆಕ್ಸ್ ಮಿಷನ್ನು ನಡೆಸುವವನು ನನ್ನ ಸ್ವಂತ ಮಗನೇ. ನಗಬೇಕೋ ಅಳಬೇಕೋ ತಿಳಿಯದು.

ಇವತ್ತಿನ ವಿಶೇಷ ಅಂದರೆ ಇವಳ ತಲೆಗೆ ಹೊಸ ಹುಳ ಹೊಕ್ಕಿದೆ. ಅಂಗಡಿಯ ಅರಿಶಿನಕ್ಕೆ ಏನೇನೋ ಬೆರೆಸುತ್ತಾರಂತೆ, ಫೋನಿನಲ್ಲಿ ನೋಡಿದಳಂತೆ. ಇನ್ನು ಮೇಲೆ ನಮ್ಮ ಮನೆಗೆ ನಮ್ಮದೇ ಅರಿಶಿನ. ತಾರಸಿಯ ಮೇಲೆ ಏಳು ಗೋಣಿಚೀಲ ಸಾಲಾಗಿ ನಿಲ್ಲಿಸಿ, ಮಣ್ಣು ಗೊಬ್ಬರ ತುಂಬಿಸಿ, ನನ್ನ ಸೊಂಟ ಮುರಿಸಿದಳು. ಮೊಳಕೆ ಕಾಣುತ್ತಿದ್ದ ಗೆಡ್ಡೆಗಳನ್ನು ಮಗುವನ್ನು ಮಲಗಿಸುವ ಹಾಗೆ ಒಂದೊಂದಾಗಿ ಮಣ್ಣಿನಲ್ಲಿ ಮಲಗಿಸಿದಳು.

"ಮೊಮ್ಮಗಳ ಹೊಟ್ಟೆಗೆ ಹೋಗೋದು ಕಣ್ರೀ. ಕಂಡೋರ ಬಣ್ಣ ಯಾಕೆ ತಿನ್ನಿಸ್ಬೇಕು?"

"ಕಂಡೋರ ಬಣ್ಣ ಬೇಡ ಅಂದ್ರೆ ನನ್ನ ಬಣ್ಣ ಇದೆಯಲ್ಲೇ, ಒಂದು ರೂಮು ತುಂಬ" ಎಂದೆ. ನಗಲಿಲ್ಲ. ನನ್ನ ಜೋಕುಗಳಿಗೆ ನಕ್ಕು ಇವಳಿಗೆ ಇಪ್ಪತ್ತು ವರ್ಷವಾಯಿತು.

ಜೂನ್ ೨೯, ಭಾನುವಾರ

ಮೊಳಕೆ ಬಂತು! ಇವಳು ತಾರಸಿಯಿಂದಲೇ ಕೂಗಿದಳು, ಬೀದಿಯವರೆಲ್ಲ ಕತ್ತೆತ್ತಿ ನೋಡುವ ಹಾಗೆ. ಪಟಾಕಿಯನ್ನು ಎತ್ತಿಕೊಂಡು ಹೋಗಿ ತೋರಿಸಿದೆ. ಪಟಾಕಿ ಅಂದರೆ ಮೊಮ್ಮಗಳು. ಎರಡೂಕಾಲು ವರ್ಷ. ಬಾಯಿ ಬಿಟ್ಟರೆ ನಿಲ್ಲಿಸುವುದಿಲ್ಲವಾದ್ದರಿಂದ ಆ ಹೆಸರು, ಇಟ್ಟವನು ನಾನೇ.

ಸೊಸೆಗೆ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ದಿನಕ್ಕೆ ನೂರು ಸಲ ಒಂದೇ ಮಾತು: "ಮುಷ್ಟಿ ಹಿಡೀರಿ. ಉಸಿರು ಬಿಡಿ. ಆಯ್ತು." ಮಗು ಅದನ್ನು ಪೂರ್ತಿ ಕಲಿತುಬಿಟ್ಟಿದೆ. ನನ್ನ ತೋಳಿಗೆ ಪೆನ್ಸಿಲ್ ಚುಚ್ಚಿ, "ಮುತ್ತಿ ಹಿದೀಲಿ ತಾತ. ಉತಿಲು ಬಿದಿ. ಆತು!" ಅನ್ನುತ್ತದೆ. ಇವತ್ತು ಅರಿಶಿನದ ಮೊಳಕೆಗೂ ಚುಚ್ಚಿತು. ಅದಕ್ಕೂ ಆತು.

ಸೆಪ್ಟೆಂಬರ್ ೧೪, ಭಾನುವಾರ

ಎಲೆಗಳು ಎದೆಯೆತ್ತರ. ಇವಳು ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಅವುಗಳ ಜೊತೆ ಮಾತಾಡುತ್ತಾಳೆ. ನನ್ನ ಜೊತೆ ಅಷ್ಟು ಮಾತಾಡಿದ್ದರೆ ನಾನೂ ಎತ್ತರ ಬೆಳೆಯುತ್ತಿದ್ದೆನೇನೋ. ತಮಾಷೆ ಬಿಡಿ, ತನ್ನ ತಂಗಿ ತೀರಿಹೋದ ಮೇಲೆ ಎರಡು ವರ್ಷ ಮೂಲೆ ಹಿಡಿದಿದ್ದವಳು ಈಗ ಮೆಟ್ಟಿಲು ಹತ್ತುತ್ತಾಳೆ, ಇಳಿಯುತ್ತಾಳೆ, ನನ್ನನ್ನು ಬೈಯುತ್ತಾಳೆ. ಅಷ್ಟಾದರೆ ಸಾಕು ನನಗೆ.

ನನ್ನ ಬಣ್ಣದ ರೂಮಿಗೆ ಸೊಸೆ ಹೊಸ ಬೀಗ ತಂದಿದ್ದಾಳೆ. "ಮಾವ, ಮಗು ಒಳಗೆ ಹೋದ್ರೆ ಕಷ್ಟ." ಹಾಕಮ್ಮ ಎಂದೆ. ಹಾಕುವ ಮುಂಚೆ ಎಲ್ಲ ಗುಡಿಸಿದೆ. ಉಳಿದದ್ದು ಐದು ಡಬ್ಬಿ. ಅದರಲ್ಲಿ ಹಳದಿಯ ಪುಡಿ ಮುಕ್ಕಾಲು ಡಬ್ಬಿ ಇದೆ. ಅಂಥ ಹಳದಿ ಈಗೆಲ್ಲಿ ಸಿಗುತ್ತದೆ! ಹತ್ತು ವರ್ಷದ ಬಿಸಿಲಿಗೂ ಮಾಸದ್ದು. ಸೀಸದ ಹಳದಿ ಅನ್ನುತ್ತಿದ್ದರು ನಮ್ಮ ಗುರುಗಳು. ಅದನ್ನು ಮುಟ್ಟಿದ ದಿನ ಮೂರು ಸಲ ಸೋಪು ಹಾಕಿ ಕೈ ತೊಳೆಯದೆ ಊಟಕ್ಕೆ ಕೂರಲು ಬಿಡುತ್ತಿರಲಿಲ್ಲ ಪುಣ್ಯಾತ್ಮ. ನಾನು ಅವರು ನೋಡದಾಗ ಕುಂಚದ ತುದಿಯನ್ನು ನಾಲಿಗೆಯಲ್ಲಿಟ್ಟು ಚೂಪು ಮಾಡುತ್ತಿದ್ದೆ. ಹಾಗೆ ಮಾಡದೆ ಸಣ್ಣಕ್ಷರದ ಬಾಲ ಬರೆಯಲು ಯಾರಿಂದ ಆಗುತ್ತದೆ? ಕೊನೆಗಾಲಕ್ಕೆ ಗುರುಗಳ ಎರಡೂ ಮಣಿಕಟ್ಟು ಜೋತುಬಿದ್ದಿದ್ದವು. ಕುಡಿತ, ಇನ್ನೇನು.

ಡಬ್ಬಿಯ ಮೇಲೆ ನಾನೇ ಬರೆದ 'ಹಳದಿ' ಎಂಬ ಮೂರಕ್ಷರ ಇನ್ನೂ ಹೊಳೆಯುತ್ತಿದೆ. ಎಂಥ ಕೈ ಇತ್ತು ಮಾರಾಯ ಆಗ!

ಜನವರಿ ೧೮, ಭಾನುವಾರ

ಗೆಡ್ಡೆ ಕಿತ್ತೆವು. ಎಲೆ ಪೂರ್ತಿ ಒಣಗಿ ಮಲಗಬೇಕು, ಇನ್ನೂ ಒಂದೂವರೆ ತಿಂಗಳು ಬಿಡು ಎಂದರೆ ಕೇಳುವವಳೇ? ಪಕ್ಕದ ಮನೆಯ ಟೀಚರಮ್ಮನಿಗೆ ಯಾವಾಗ ತೋರಿಸೇನು ಎಂಬ ಆತುರ. ಏಳು ಚೀಲಕ್ಕೆ ಒಂದು ಬಕೆಟ್ಟು ಗೆಡ್ಡೆ. ತೊಳೆದು, ಬೇಯಿಸಿ, ತಾರಸಿಯ ಸುಡುವ ಬಿಸಿಲಿಗೆ ಹರಡಿದ್ದಾಳೆ.

ಪಟಾಕಿಯ ಕೈಕಾಲು ಮುಖವೆಲ್ಲ ಮಣ್ಣು. ಮಾತೇ ಮಾತು. ಗೆಡ್ಡೆಯನ್ನು ಫೋನು ಮಾಡಿಕೊಂಡು ಲ್ಯಾಬಿಗೆ ಕರೆ ಮಾಡಿತು.

ಫೆಬ್ರವರಿ ೫, ಗುರುವಾರ

ಬೇಸರದ ದಿನ. ಮಿಲ್ಲಿನಿಂದ ಪುಡಿ ಬಂತು. ಒಂದೂವರೆ ಡಬ್ಬಿ ಆಯಿತು, ಅಷ್ಟೆ. ಬಣ್ಣವೋ, ಮಾಸಿದ ಗೋಡೆ. ಎಳೆಯದನ್ನು ಕಿತ್ತದ್ದು ಒಂದು, ಸಿಪ್ಪೆ ಉಜ್ಜಿ ತೆಗೆಯದೆ ಪುಡಿ ಮಾಡಿಸಿದ್ದು ಇನ್ನೊಂದು. ನಾನೇನೂ ಅನ್ನಲಿಲ್ಲ. ಟೀಚರಮ್ಮ ಬಿಡಬೇಕಲ್ಲ. ಡಬ್ಬಿಯೊಳಗೆ ಇಣುಕಿ, "ಇದೇನ್ರೀ, ಗೋಡೆ ಕೆರೆದು ತಂದ ಹಾಗಿದೆ? ಏಳೆಂಟು ತಿಂಗಳು ನೀರು ಹಾಕಿದ್ದಕ್ಕೆ ಇದಾ?" ಎಂದು ನಕ್ಕಿತು ಆ ಹೆಂಗಸು. ಕೆಟ್ಟವಳೇನಲ್ಲ, ನಾಲಿಗೆಗೆ ಮೂಳೆಯಿಲ್ಲ ಅಷ್ಟೆ.

ಇವಳು ನಕ್ಕ ಹಾಗೆ ಮಾಡಿ ಒಳಗೆ ಹೋದಳು. ಊಟಕ್ಕೆ ಬರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಳೆ, ತಂಗಿ ಹೋದಾಗ ಮಲಗಿದ್ದ ಹಾಗೆಯೇ. ಆ ಎರಡು ವರ್ಷ ಮತ್ತೆ ಬಂದರೆ ನನ್ನ ಕೈಲಾಗುವುದಿಲ್ಲ.

ಫೆಬ್ರವರಿ ೬, ಶುಕ್ರವಾರ

ಒಂದು ಕೆಲಸ ಮಾಡಿದೆ. ಬೆಳಿಗ್ಗೆ ಇವಳು ಅಂಗಡಿಗೆ ಹೋದಾಗ ಬೀಗ ತೆಗೆದು ನನ್ನ ಹಳದಿ ತಂದೆ. ಅವಳ ದೊಡ್ಡ ಡಬ್ಬಿಗೆ ಮೂರು ಚಮಚ. ಮೊದಲು ಒಂದು, ನೋಡಿದೆ, ಸಾಲದು. ಎರಡು. ಮೂರಕ್ಕೆ ಬಂತು ನೋಡಿ ಜೀವ! ಎರಡು ಸಲ ಜರಡಿ ಹಿಡಿದೆ, ಎಲ್ಲೂ ಗಂಟಿಲ್ಲ, ಎಳೆಯಿಲ್ಲ. ಬಣ್ಣ ಬೆರೆಸುವುದರಲ್ಲಿ ಈ ಊರಲ್ಲಿ ನನ್ನನ್ನು ಮೀರಿಸುವವನು ಹುಟ್ಟಿಲ್ಲ.

ನಲವತ್ತೆರಡು ವರ್ಷ ಇದನ್ನು ನಾಲಿಗೆಯಿಂದ ನೆಕ್ಕಿದವನು ನಾನು. ಸತ್ತೆನೇ?

ಫೆಬ್ರವರಿ ೮, ಭಾನುವಾರ

"ರೀ, ಬನ್ರೀ ಇಲ್ಲಿ! ಇದು ನೋಡ್ರೀ!" ಎರಡು ದಿನ ಡಬ್ಬಿಯಲ್ಲಿ ಕೂತು ಬಣ್ಣ ಬಿಟ್ಟಿದೆಯಂತೆ. ನಾನು ಕನ್ನಡಕ ಏರಿಸಿ, "ಹೌದಲ್ಲೇ, ಎಲಾ ಇದರ!" ಎಂದೆ. ನಾಟಕದ ಕಂಪನಿಗೆ ಹೋಗಬೇಕಿತ್ತು ನಾನು.

ಟೀಚರಮ್ಮನಿಗೆ ಒಂದು ಪುಟ್ಟ ಡಬ್ಬಿ ಕೊಟ್ಟುಬಂದಳು, ತಲೆ ಎತ್ತಿಕೊಂಡು. ಪಟಾಕಿಗೆ ಇವತ್ತಿನಿಂದ ಎರಡು ಹೊತ್ತು ಹಾಲಿಗೆ ಅರಿಶಿನ. ನನಗೂ ಒಂದು ಲೋಟ. ಮಗ ಸೊಸೆ ಕಾಫಿಯವರು, ಅವರಿಗೆ ಪಲ್ಯದಲ್ಲಿ ಹೋಗುತ್ತದೆ. ಮಗು ತುಟಿಯ ಮೇಲೆ ಹಳದಿ ಮೀಸೆ ಮಾಡಿಕೊಂಡು, "ಅಜ್ಜಿ ಆತು!" ಎಂದಿತು. ಇವಳು ನಕ್ಕದ್ದು ನೋಡಿ ನನ್ನ ಕಣ್ಣು ತುಂಬಿತು. ಹೌದು, ಬರೆಯುತ್ತೇನೆ, ಯಾರು ಓದುತ್ತಾರೆ ಇದನ್ನು.

ಮಾರ್ಚ್ ೨, ಸೋಮವಾರ

ಪಟಾಕಿಗೆ ಹೊಟ್ಟೆನೋವು. ಮೂರು ದಿನದಿಂದ ಹೊರಕಡೆಗೆ ಹೋಗಿಲ್ಲ. ಬೆರಳು ಮಡಚಿ ಹೊಟ್ಟೆ ಒತ್ತಿಕೊಂಡು ಅಳುತ್ತದೆ. ಹುಳು ಇರಬೇಕು ಎಂದಳು ಇವಳು, ಹಾಲಿನ ಅರಿಶಿನ ಅರ್ಧ ಚಮಚ ಇದ್ದದ್ದನ್ನು ಮುಕ್ಕಾಲು ಮಾಡಿದ್ದಾಳೆ. ಸೊಸೆ ಹುಳುವಿನ ಔಷಧಿ ತಂದಳು.

ನನಗೂ ಹೊಟ್ಟೆ ಹಿಡಿದುಕೊಳ್ಳುತ್ತದೆ. ವಯಸ್ಸು.

ಮಾರ್ಚ್ ೧೫, ಭಾನುವಾರ

ದೊಡ್ಡ ಡಬ್ಬಿ ಮುಗಿಯಿತು. ಉಳಿದ ಅರ್ಧ ಡಬ್ಬಿಯ ಪುಡಿ ಅದೇ ಗೋಡೆಯ ಬಣ್ಣದ್ದು. ಎರಡೂ ಬೇರೆ ಬೇರೆ ಕಂಡರೆ ಅವಳಿಗೆ ಅನುಮಾನ ಬರುತ್ತದೆ. ಸರಿ, ಅದಕ್ಕೂ ಬೆರೆಸಿದೆ. ಐದು ಚಮಚ ಬಿತ್ತು. ಮೂರೇ ಅಂದುಕೊಂಡಿದ್ದೆ, ಎಣಿಕೆ ತಪ್ಪಿತು. ಕೈ ನಡುಗುತ್ತಿತ್ತು, ಸ್ವಲ್ಪ ನೆಲಕ್ಕೂ ಚೆಲ್ಲಿತು, ಒರೆಸಿದೆ.

ಮಗನ ಮೇಲೆ ರೇಗಿದೆ ಇವತ್ತು. ಯಾಕೆಂದು ನೆನಪಿಲ್ಲ. "ಅಪ್ಪ, ನೀವು ಹಿಂಗಿರ್ಲಿಲ್ಲ" ಎಂದ. ಹೇಗಿದ್ದೆ?

ಮಾರ್ಚ್ ೨೪, ಮಂಗಳವಾರ

ಪೆನ್ನು ಜಾರುತ್ತದೆ. ಮೇಲಿನ ಸಾಲಿನಲ್ಲಿ ಒತ್ತು ಎಲ್ಲೋ, ಅಕ್ಷರ ಎಲ್ಲೋ.

ಮನೆ ಇತ್ತೀಚೆಗೆ ಬಹಳ ಶಾಂತವಾಗಿದೆ. ಒಳ್ಳೆಯದೇ, ತಲೆ ನೋಯುವವನಿಗೆ ಶಬ್ದ ಆಗದು. ಮಧ್ಯಾಹ್ನ ಪಟಾಕಿಯ ಕೈಗೆ ಪೆನ್ಸಿಲ್ ಕೊಟ್ಟು ತೋಳು ಚಾಚಿದೆ. ಪೆನ್ಸಿಲ್ ನೋಡಿತು. ನನ್ನನ್ನು ನೋಡಿತು. ಪೆನ್ಸಿಲ್ ಬಾಯಿಗೆ ಹಾಕಿಕೊಂಡಿತು. ಮಕ್ಕಳಿಗೆ ಆಟ ಬೇಸರವಾಗುತ್ತದೆ, ಸಹಜ.

ಏಪ್ರಿಲ್ ೪, ಶನಿವಾರ

ಸೊಸೆಗೆ ತಡೆಯಲಾಗಲಿಲ್ಲ. "ಮಾವ, ಇವ್ಳು ಒಂದು ವಾರದಿಂದ 'ಅಮ್ಮ' ಅಂದಿಲ್ಲ. ನೀವು ಕೇಳಿದ್ರಾ?" ನಾನು ನೆನೆಸಿಕೊಂಡೆ. ಕೇಳಿರಲಿಲ್ಲ. ಯಾವತ್ತಿನಿಂದ ಕೇಳಿಲ್ಲ ಎಂಬುದೂ ನೆನಪಾಗಲಿಲ್ಲ.

ಇವತ್ತು ಮಕ್ಕಳ ಡಾಕ್ಟರ ಹತ್ತಿರ ಎಲ್ಲರೂ ಹೋದೆವು. ಕಣ್ಣಿನ ರೆಪ್ಪೆ ಎಳೆದು ನೋಡಿದರು, ಬಿಳುಚಿದೆ ಎಂದರು. ರಕ್ತ ಬೇಕೆಂದರು. ಬೇರೆ ಯಾರ ಕೈಗೂ ಕೊಡದೆ ಸೊಸೆಯೇ ತೆಗೆದಳು. ದಿನಕ್ಕೆ ನೂರು ಜನಕ್ಕೆ ಚುಚ್ಚುವವಳು, ಎರಡು ಸಲ ನರ ತಪ್ಪಿಸಿದಳು. ಮಗು ಅಳಲಿಲ್ಲ. ಸೂಜಿಯನ್ನು ನೋಡುತ್ತ ಕೂತಿತ್ತು. ಸೊಸೆ ಅತ್ತಳು.

ಏಪ್ರಿಲ್ ೯, ಗುರುವಾರ

ಸೀಸ.

ರಕ್ತದಲ್ಲಿ ಸೀಸ ಇದೆಯಂತೆ. ಐದರೊಳಗೆ ಇರಬೇಕಾದದ್ದು ಐವತ್ತೆರಡು. ಸೊಸೆ ಕಾಗದವನ್ನು ಮೇಜಿನ ಮೇಲಿಟ್ಟು, ಲ್ಯಾಬಿನಲ್ಲಿ ಹೇಳುವ ಹಾಗೆಯೇ ನಿಧಾನವಾಗಿ ಹೇಳಿದಳು. ಹೊಟ್ಟೆನೋವು ಅದರದ್ದೇ. ಮಾತು ಹೋದದ್ದೂ ಅದರದ್ದೇ ಇರಬಹುದು. ಸೋಮವಾರ ಆಸ್ಪತ್ರೆಗೆ ಸೇರಿಸಬೇಕು. ಅಷ್ಟರೊಳಗೆ ಎಲ್ಲಿಂದ ಬಂತು ಎಂದು ಹುಡುಕಿ, ಮಗುವಿನ ಬಾಯಿಗೆ ಹೋಗುವ ಒಂದೊಂದನ್ನೂ ಪರೀಕ್ಷೆಗೆ ತರಬೇಕು.

ನಾನು ಏನೂ ಬರೆಯಲಾರೆ ಇವತ್ತು.

ಏಪ್ರಿಲ್ ೧೦, ಶುಕ್ರವಾರ

ಮೊದಲು ನನ್ನ ರೂಮಿಗೇ ಬಂದರು. ಬರಬೇಕಾದದ್ದೇ. ಬೀಗ ಇತ್ತು, ಬಾಗಿಲ ಕೆಳಗೆ ಬಟ್ಟೆ ತುರುಕಿತ್ತು. "ಇಲ್ಲಿಗೆ ಅವಳು ಬಂದೇ ಇಲ್ವಲ್ಲ" ಎಂದ ಮಗ, ಸೋತ ದನಿಯಲ್ಲಿ. ಸೊಸೆ ಹಳದಿಯ ಡಬ್ಬಿ ಎತ್ತಿದಳು. "ಇದು ಯಾವಾಗ ತೆಗೆದಿದ್ದು ಮಾವ?"

"ಫ್ಲೆಕ್ಸ್ ಬಂದ ಮೇಲೆ ಮುಟ್ಟಿಲ್ಲಮ್ಮ" ಎಂದೆ.

ಎಷ್ಟು ಸಲೀಸಾಗಿ ಬಂತು ಮಾತು! ಕನ್ನಡಕದೊಳಗಿಂದ ಅವಳ ಮುಖ ನೋಡಿಕೊಂಡೇ ಹೇಳಿದೆ.

ಆಮೇಲೆ ಆಟಿಕೆ, ಕುಡಿಯುವ ನೀರು, ಹಳೇ ಪಾತ್ರೆ, ತಾರಸಿಯ ಮಣ್ಣು, ಅಡುಗೆಮನೆಯ ಪುಡಿಗಳು, ಎಲ್ಲ ಸಣ್ಣ ಸಣ್ಣ ಚೀಲಕ್ಕೆ ಹೋಯಿತು. ಅರಿಶಿನದ ಡಬ್ಬಿಗೆ ಸೊಸೆ ಕೈ ಹಾಕಿದಾಗ ಇವಳು ಅಡ್ಡ ಬಂದಳು. "ಅದನ್ಯಾಕೆ? ನಾನೇ ನೆಟ್ಟು ನಾನೇ ಕಿತ್ತಿದ್ದು. ಈ ಮನೇಲಿ ಶುದ್ಧ ಅಂತ ಇರೋದು ಅದೊಂದೇ. ಮಣ್ಣು ತಗೊಂಡ್ಯಲ್ಲ, ಸಾಕು." ಸೊಸೆ ಅತ್ತೆಯ ಮುಖ ನೋಡಿ ಕೈ ಹಿಂದಕ್ಕೆ ತೆಗೆದಳು.

ಮಣ್ಣಿನಲ್ಲಿ ಏನೂ ಸಿಗುವುದಿಲ್ಲ.

ನಾಳೆ ಡಬ್ಬಿಯನ್ನು ನಾನೇ ಮೋರಿಗೆ ಸುರಿದುಬಿಡುತ್ತೇನೆ. ಕೈ ಜಾರಿ ಬಿತ್ತು ಅಂದರಾಯಿತು, ಹೇಗೂ ಕೈ ಜಾರುತ್ತದೆ. ಅಲ್ಲಿಗೆ ಸರಿಹೋಗುತ್ತದೆ. ಅವಳಿಗೆ ತಿಳಿಯುವುದು ಬೇಡ. ತಿಳಿದರೆ ಮತ್ತೆ ಏಳುವುದಿಲ್ಲ ಅವಳು.

ಸಂಜೆ ಪಟಾಕಿಗೆ ಹಾಲು ಕುಡಿಸಿದಳು. ಅರಿಶಿನ ವಿಷ ಇಳಿಸುತ್ತದಂತೆ, ಎರಡು ಚಮಚ ಹಾಕಿದ್ದಾಳೆ. ನಾನು ಎದುರಿಗೇ ಇದ್ದೆ. ಒಂದು ಲೋಟದಿಂದ ಏನಾದೀತು. ಇಷ್ಟು ದಿನ ಕುಡಿದಿಲ್ಲವೇ.

ಏಪ್ರಿಲ್ ೧೧, ಶನಿವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈ ಏಳುತ್ತಿಲ್ಲ.

ಬೆಳಿಗ್ಗೆ ಎದ್ದು ಅಡುಗೆಮನೆಗೆ ಹೋಗುವಷ್ಟರಲ್ಲಿ ಇವಳು ಹಾಲು ಕಲಸಿ ಆಗಿತ್ತು. ಡಬ್ಬಿ ಪಕ್ಕದಲ್ಲಿ. ಪಟಾಕಿ ಪೀಠದ ಮೇಲೆ ಕೂತಿತ್ತು, ಕೈ ತೊಡೆಯ ಮೇಲೆ, ಎಲ್ಲಿ ಕೂರಿಸಿದರೆ ಅಲ್ಲೇ ಕೂರುವ ಹಾಗೆ ಆಗಿದೆ ಅದು. ಇವಳು ಮೊಣಕಾಲೂರಿ ಲೋಟ ಹಿಡಿದಳು. "ಕುಡಿ ಬಂಗಾರಿ. ನಿನ್ನ ಹೊಟ್ಟೆಯೊಳಗಿನ ಕೆಟ್ಟದ್ದನ್ನೆಲ್ಲ ಅಜ್ಜಿ ತೆಗೀತಾಳೆ. ಕುಡಿ ಕುಡಿ." ಮಗು ಬಾಯಿ ತೆರೆಯಿತು. ಏನೂ ಕೇಳದೆ, ಹಠ ಮಾಡದೆ, ಸುಮ್ಮನೆ ತೆರೆಯಿತು.

ಹೊಡೆದೆ. ಲೋಟಕ್ಕೆ. ಗೋಡೆ, ನೆಲ, ಮಗುವಿನ ಅಂಗಿ, ಎಲ್ಲ ಹಳದಿ.

"ಹುಚ್ಚು ಹಿಡೀತಾ ನಿಮಗೆ!"

"ಅದು ಅರಿಶಿನ ಅಲ್ಲ ಕಣೇ" ಎಂದೆ. "ನನ್ನ ಡಬ್ಬಿಯದ್ದು. ಬೋರ್ಡಿನ ಹಳದಿ. ನೀನು ಮೂಲೆ ಸೇರ್ತೀಯಾ ಅಂತ ಬೆರೆಸ್ದೆ. ಮೂರು ಚಮಚ. ಆಮೇಲೆ ಐದು."

ಮಗ ಸೊಸೆ ಬಾಗಿಲಲ್ಲಿ ಬಂದು ನಿಂತಿದ್ದರು. ಇವಳು ನೆಲದ ಮೇಲಿನ ಹಾಲನ್ನು ಬೆರಳಲ್ಲಿ ಮುಟ್ಟಿ ನೋಡಿದಳು.

"ನಾನು ಕುಡಿಸಿದ್ದು" ಎಂದಳು. "ದಿನಾ ಎರಡು ಹೊತ್ತು. ಬೇಡ ಅಂದ್ರೆ ಮೂಗು ಹಿಡಿದು ಕುಡಿಸಿದ್ದೀನಿ."

"ನಿಂದೇನೂ ತಪ್ಪಿಲ್ಲ..."

"ನಿನ್ನೆ ಗೊತ್ತಿತ್ತಾ ನಿಮಗೆ?"

ಸುಳ್ಳು ಬಾಯಿಗೆ ಬಂತು. ನುಂಗಿದೆ. "ಗೊತ್ತಿತ್ತು."

"ನಿನ್ನೆ ಸಂಜೆ ಕುಡಿಸ್ವಾಗ ನೀವು ಇಲ್ಲೇ ಇದ್ರಿ."

ಅಷ್ಟೇ ಅವಳು ಹೇಳಿದ್ದು. ನಲವತ್ತು ವರ್ಷ ಬೈದವಳು, ಇವತ್ತು ಒಂದು ಬೈಗುಳವನ್ನೂ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಸೋಮವಾರದವರೆಗೆ ಕಾಯಲಿಲ್ಲ. ಸೊಸೆ ಡಬ್ಬಿಯನ್ನೂ ಮಗುವನ್ನೂ ಎತ್ತಿಕೊಂಡು ಆಗಲೇ ಆಸ್ಪತ್ರೆಗೆ ಹೊರಟಳು. ಮಗುವಿನ ಅಂಗಿ ಬದಲಾಯಿಸಿದವಳು ಇವಳು. ನನ್ನನ್ನು ಯಾರೂ ಬಾ ಅನ್ನಲಿಲ್ಲ.

ಏಪ್ರಿಲ್ ೧೩, ಸೋಮವಾರ

ಟೀಚರಮ್ಮನ ಮನೆಗೆ ಹೋದೆ. ಬಾಗಿಲಲ್ಲೇ ನಿಂತು ವಿಷಯ ಹೇಳಿ ಡಬ್ಬಿ ವಾಪಸು ಕೇಳಿದೆ. ಆ ಹೆಂಗಸು ಒಳಗಿನಿಂದ ತಂದು ಕೈಗಿಟ್ಟಿತು. ಮುಚ್ಚಳದ ಟೇಪು ಕೂಡ ಕಿತ್ತಿರಲಿಲ್ಲ. "ಅವ್ರು ಅಷ್ಟು ಪ್ರೀತಿಯಿಂದ ಕೊಟ್ಟಿದ್ದು, ಬಳಸಿ ಮುಗಿಸೋಕೆ ಮನಸ್ಸು ಬರ್ಲಿಲ್ಲ" ಎಂದಳು. ಬಾಗಿಲು ಹಾಕುವ ಮುಂಚೆ, "ಮೊದಲಿನ ಬಣ್ಣದ್ದೇ ಕೊಟ್ಟಿದ್ರೂ ತಗೋತಿದ್ದೆ. ನಾನು ಅವತ್ತು ತಮಾಷೆಗೆ ಅಂದಿದ್ದು."

ತಮಾಷೆಗೆ.

ಇವಳು ಆಸ್ಪತ್ರೆಯಲ್ಲೇ ಇದ್ದಾಳೆ. ತಾರಸಿಗೆ ಹತ್ತಿ ನೋಡಿದೆ. ಏಳು ಚೀಲ ಖಾಲಿ ಮಣ್ಣು. ಒಂದರಲ್ಲಿ ನಾವು ಬಿಟ್ಟ ಗೆಡ್ಡೆ ಇರಬೇಕು, ಹಸಿರು ಮೂತಿ ಕಾಣುತ್ತಿದೆ. ನೀರು ಹಾಕಲಿಲ್ಲ, ಕೀಳಲೂ ಇಲ್ಲ.

ಏಪ್ರಿಲ್ ೨೪, ಶುಕ್ರವಾರ

ಪಟಾಕಿ ಮನೆಗೆ ಬಂತು. ಐವತ್ತೆರಡು ಇದ್ದದ್ದು ಇಪ್ಪತ್ತೆಂಟಕ್ಕೆ ಇಳಿದಿದೆ, ಇನ್ನೂ ಔಷಧಿ ಕೊಡಬೇಕು. ಹೊಟ್ಟೆನೋವು ಇಲ್ಲ. ಎರಡು ತುತ್ತು ಉಂಡಿತು. ಮಾತು? ಬರಬಹುದು ಅಂದರಂತೆ ಡಾಕ್ಟರು. ಎಲ್ಲವೂ ಬರುತ್ತದೆ ಅನ್ನಲಾರೆ ಅಂದರಂತೆ. ಇದನ್ನು ನನಗೆ ಹೇಳಿದವನು ಮಗ, ಕಿಟಕಿಯ ಕಡೆ ನೋಡಿಕೊಂಡು.

ಮನೆಯವರೆಲ್ಲರ ರಕ್ತ ನೋಡಬೇಕಂತೆ. ಕೊನೆಗೆ ನನ್ನದು. ಸೊಸೆ ಸೂಜಿ ಸಿರಿಂಜಿನ ಡಬ್ಬ ತೆಗೆದುಕೊಂಡು ಹಜಾರಕ್ಕೆ ಬಂದಳು. ಹದಿಮೂರು ದಿನದಿಂದ ನನ್ನ ಹತ್ತಿರ ಮಾತಾಡಿಲ್ಲ ಅವಳು. ಕುರ್ಚಿ ಎಳೆದು ಕೂತು ನನ್ನ ತೋಳಿಗೆ ರಬ್ಬರು ಬಿಗಿದಳು.

"ಮುಷ್ಟಿ ಹಿಡೀರಿ."

ಮಾವ ಅನ್ನಲಿಲ್ಲ. ಲ್ಯಾಬಿಗೆ ಬರುವ ಯಾರಿಗೋ ಹೇಳಿದ ಹಾಗೆ ಹೇಳಿದಳು. ಹಿಡಿಯಲು ನೋಡಿದೆ, ಆಗಲಿಲ್ಲ, ಮಣಿಕಟ್ಟು ಜೋತುಬಿತ್ತು. ಗುರುಗಳದ್ದು ಬಿದ್ದ ಹಾಗೆಯೇ. ಅವಳು ಒಂದು ಕ್ಷಣ ಅದನ್ನು ನೋಡಿ, ತನ್ನ ಕೈಯಿಂದ ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿ ಹಿಡಿದುಕೊಂಡಳು.

ಅಷ್ಟರಲ್ಲಿ ಪಟಾಕಿ ಅಡುಗೆಮನೆಯಿಂದ ಬಂತು. ಅಜ್ಜಿಯ ಸೆರಗು ಬಿಟ್ಟು ನನ್ನ ಮೊಣಕಾಲ ಹತ್ತಿರ ನಿಂತು ಸೂಜಿಯನ್ನು ನೋಡತೊಡಗಿತು. ತುಟಿ ಅಲ್ಲಾಡಿದ ಹಾಗಾಯಿತು. ಬಾಗಿಲಲ್ಲಿ ನಿಂತಿದ್ದ ಇವಳೂ ಅದನ್ನೇ ನೋಡುತ್ತಿದ್ದಳು. ಸೊಸೆಯೂ. ನಾವು ಮೂವರೂ ಉಸಿರು ಹಿಡಿದು ಕಾದೆವು.

"ಉಸಿರು ಬಿಡಿ" ಎಂದಳು ಸೊಸೆ. ಬಿಟ್ಟೆ. ಸೂಜಿ ತೆಗೆದಳು, ಹತ್ತಿ ಒತ್ತಿದಳು. ಒತ್ತಿಕೊಂಡೇ ಇದ್ದಳು, ಬಾಯಿ ಬಿಡಲಿಲ್ಲ. ಆ ಕೊನೆಯ ಮಾತನ್ನು ಮಗುವಿಗೆ ಬಿಟ್ಟಿದ್ದಳು.

ಮಗು ನನ್ನ ತೋಳನ್ನು ನೋಡಿತು, ಹತ್ತಿಯನ್ನು ನೋಡಿತು. ಆಮೇಲೆ ತಿರುಗಿ ಅಡುಗೆಮನೆಗೆ ಹೋಯಿತು.

"ಆಯ್ತು" ಎಂದಳು ಸೊಸೆ.